ಬ್ಲೂ ಮೌಂಟನ್ಸ್ ಕಾಡು ಆಯಿಲ್ ಪೇಸ್ಟಲ್‌ನಲ್ಲಿ: ಮರ ಮಾವಿನಂತೆ ಕಾಣುವುದು, ಬಣ್ಣ ಜಾರುವುದು

ಸಿಡ್ನಿ ಹತ್ತಿರದ ಬ್ಲೂ ಮೌಂಟನ್ಸ್ ಚಿತ್ರವನ್ನು ಆಯಿಲ್ ಪೇಸ್ಟಲ್‌ನಲ್ಲಿ (ಎಣ್ಣೆ, ಮೇಣ ಬೆರೆತ ಬಣ್ಣದ ಕಡ್ಡಿ) ಬರೆದು ಹಾಕಿ ಎರಡು ಕೇಳಿದ್ದೀರಿ: ನೀಲಗಿರಿ ಮರಗಳು ಮಾವಿನ ತೋಪಿನ ಹಾಗೆ ಯಾಕೆ ಕಾಣುತ್ತವೆ, ಮೂರನೇ ಪದರಕ್ಕೆ ಬಣ್ಣ ಯಾಕೆ ಜಾರುತ್ತದೆ.

ಮೊದಲು ಮರ. ನೀಲಗಿರಿಯ ಬಲಿತ ಎಲೆ ಜೋತುಬಿದ್ದಿರುತ್ತದೆ, ಬಿಸಿಲು ನಡುವೆ ಇಳಿಯುತ್ತದೆ. ಹಾಗಾಗಿ ನೆತ್ತಿಯಲ್ಲೂ ಆಕಾಶ ಚೂರುಚೂರಾಗಿ ಕಾಣಬೇಕು, ಕೊಂಬೆ ಕಾಣಬೇಕು. ನೀವು ಎಲೆಯನ್ನೆಲ್ಲ ಒಂದೇ ಗುಡ್ಡೆಯಾಗಿ ಹಾಕಿದ್ದೀರಿ, ಅದಕ್ಕೇ ಮಾವಿನಂತೆ ಕಾಣುತ್ತದೆ. ಆಕಾಶವನ್ನು ಮೊದಲು ತುಂಬಿ, ಅದರ ಮೇಲೆ ಕಡ್ಡಿಯ ಬದಿಯಿಂದ ಬಿಡಿಬಿಡಿ ಗೊಂಚಲು ಒತ್ತಿ. ಡಬ್ಬಿಯ ಹಸಿರನ್ನು ಹಾಗೇ ಬಳಿಯಬೇಡಿ. ಆಲಿವ್ ಹಸಿರು, ಮೇಲೆ ತೆಳ್ಳಗೆ ಬೂದು, ನೆರಳಿಗೆ ನೇರಳೆ. ಚಿಗುರಿಗೆ ನಾಲ್ಕೈದು ಇಟ್ಟಿಗೆ ಕೆಂಪು ಚುಕ್ಕೆ ಸಾಕು. ಕಪ್ಪು ಬೇಡವೇ ಬೇಡ, ಪಕ್ಕದ ಬಣ್ಣಕ್ಕೆಲ್ಲ ಹರಡಿ ಕೆಸರಾಗುತ್ತದೆ. ಒಂದೊಂದು ಬಣ್ಣ ಆದಮೇಲೂ ಕಡ್ಡಿಯ ತುದಿ ಟಿಶ್ಯೂನಲ್ಲಿ ಒರೆಸಿ.

ಜಾರುವುದಕ್ಕೆ ಕಾರಣ ಕಾಗದ. ಈ ಬಣ್ಣ ಪೂರ್ತಿ ಒಣಗುವುದೇ ಇಲ್ಲ. ಕಾಗದದ ತರಿ ತುಂಬಿತೆಂದರೆ ಮುಂದಿನದು ಹಿಡಿಯುವುದಿಲ್ಲ. 300 ಜಿಎಸ್‌ಎಂನ ದಪ್ಪ, ಒರಟು ಜಲವರ್ಣ ಕಾಗದಕ್ಕೆ ಎರಡು ಕೋಟ್ ಗೆಸ್ಸೋ (ಬಣ್ಣಕ್ಕೂ ಮೊದಲು ಬಳಿಯುವ ಬಿಳಿ ಲೇಪ) ಹಚ್ಚಿ, ಒಂದು ದಿನ ಒಣಗಲು ಬಿಡಿ. ಗೆಸ್ಸೋ ಇದ್ದರೆ ಎಣ್ಣೆ ಕಾಗದಕ್ಕೆ ಇಳಿಯುವುದೂ ತಪ್ಪುತ್ತದೆ. ಗಟ್ಟಿ ಕಡ್ಡಿ (ಕ್ಯಾಮೆಲ್, ಪೆಂಟೆಲ್ ತರದ್ದು) ಮೊದಲು, ಹಗುರ ಕೈಯಲ್ಲಿ. ಸೆನೆಲಿಯರ್‌ನಂಥ ಮೆತ್ತನೆಯದು ಕೊನೆಗೆ. ತಿರುವುಮುರುವು ಮಾಡಿದರೆ ಗಟ್ಟಿ ಕಡ್ಡಿ ಕೆಳಗಿನ ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ. ಈಗ ಜಾರುತ್ತಿರುವ ಜಾಗಕ್ಕೆ ಇನ್ನೂ ಬಣ್ಣ ಹಾಕಬೇಡಿ, ಪ್ಯಾಲೆಟ್ ನೈಫ್‌ನಿಂದ ಕೆರೆದು ತೆಗೆದು ಮತ್ತೆ ಹಚ್ಚಿ.

ನಿಮ್ಮ ಚಿತ್ರದ ಎಡಗಡೆಯ ಬಿಳಿ ಕಾಂಡ ಸ್ಕ್ರಿಬ್ಲಿ ಗಮ್ (ತೊಗಟೆಯ ಮೇಲೆ ಗೀಚಿದಂತಿರುವ ಒಂದು ಜಾತಿಯ ನೀಲಗಿರಿ) ಅಲ್ಲವೇ? ಅದರ ಮೇಲಿನ ಗೀಚು ಒಂದು ಪತಂಗದ ಹುಳು ತೊಗಟೆಯೊಳಗೆ ಕೊರೆದ ಸುರಂಗ. ಹಳೇ ತೊಗಟೆ ಉದುರಿದಾಗ ಹೊರಗೆ ಕಾಣುತ್ತದೆ. ಕಂದು ಪೆನ್ಸಿಲ್‌ನಿಂದ ಮೇಲೆ ಗೆರೆ ಎಳೆದರೆ ಅಂಟಿಸಿದಂತೆ ಕಾಣುತ್ತದೆ. ಬದಲಿಗೆ ಕಾಂಡಕ್ಕೆ ಗಾಢ ಕಂದು ಬಣ್ಣ ಒತ್ತಿ ಹಚ್ಚಿ, ಬೆರಳಿನಿಂದ ನುಣ್ಣಗೆ ಮಾಡಿ, ಮೇಲೆ ಮೆತ್ತನೆ ಕೆನೆಬಣ್ಣ ದಪ್ಪಗೆ ಹಾಕಿ, ಕೆಳಗಿನ ಕಂದು ಗೆರೆಯಾಗಿ ಕಾಣುವಂತೆ ದಬ್ಬಣದ ಮೊನೆಯಿಂದ ಕೆರೆಯಿರಿ. ಹುಳು ಬೆಳೆಯುತ್ತಾ ಹೋಗುವುದರಿಂದ ಗೆರೆ ಶುರುವಿನಲ್ಲಿ ಸಣ್ಣ, ಮುಂದೆ ಅಗಲ. ಅಂಕುಡೊಂಕಾಗಿ ಹೋಗಿ ತಿರುಗಿ ತನ್ನ ಪಕ್ಕದಲ್ಲೇ ಬರುತ್ತದೆ. ಇಷ್ಟು ಬಂದರೆ ಆ ಕಾಡು ಕಂಡವರು ಕೂಡಲೇ ಗುರುತು ಹಿಡಿಯುತ್ತಾರೆ. ಎದ್ದ ಚೂರುಗಳನ್ನು ಕೈಯಿಂದ ಒರೆಸದೆ ಹಾಳೆ ಕೊಡವಿ.

ದೂರದ ಬೆಟ್ಟದ ಸಾಲು ಚೆನ್ನಾಗಿದೆ, ಹಿಂದಕ್ಕೆ ಹೋದಷ್ಟೂ ಬಿಳಿ ಬೆರೆಸಿ ಇನ್ನೂ ತಿಳಿ ಮಾಡಿ. ಅಲ್ಲಿನ ಬೇಸಿಗೆಯಲ್ಲಿ ಕಡ್ಡಿ ಮೆತ್ತಗಾದರೆ ಹತ್ತು ನಿಮಿಷ ಫ್ರಿಜ್‌ನಲ್ಲಿಡಿ. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ಸುತ್ತ ಮೌಂಟ್ ಬೋರ್ಡ್ (ದಪ್ಪ ರಟ್ಟಿನ ಚೌಕಟ್ಟು) ಇಡಿಸಿ. ಅಲ್ಲಿಯವರೆಗೆ ಮೇಲೆ ಗ್ಲಾಸೈನ್ (ನುಣುಪಾದ, ಬಣ್ಣ ಅಂಟದ ತೆಳು ಕಾಗದ) ಮುಚ್ಚಿಡಿ.