ರೆಸ್ಯೂಮೆಯಲ್ಲಿ ಅಪ್ಪನ ಅಂಗಡಿ

ಹಾಸನದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್ ಓದುತ್ತಿರುವ ಬೇಲೂರು ಕಡೆಯ ಹುಡುಗಿಯೊಬ್ಬರು ಈ ಅಂಕಣಕ್ಕೆ ಎರಡೂವರೆ ಪುಟದ ಪತ್ರ ಬರೆದಿದ್ದಾರೆ, ಇಂಟರ್ನ್‌ಶಿಪ್ ಹೇಗೆ ಹುಡುಕಲಿ ಎಂದು. ಅದರಲ್ಲಿ ಎರಡು ಪುಟದ ತುಂಬ ಒಂದೇ ಅಂಕಿ: 6.18. ಐದು ಸೆಮಿಸ್ಟರಿನ ಸಿಜಿಪಿಎ ಅದು, ಅಂದರೆ ಹತ್ತಕ್ಕೆ ಲೆಕ್ಕ ಹಾಕಿದ ಸರಾಸರಿ. ಮೂರನೇ ಸೆಮಿಸ್ಟರಿನಲ್ಲಿ ಗಣಿತ ಕೈಕೊಟ್ಟಿತು, ಆಮೇಲೆ ಪಾಸಾಯಿತು, ಆದರೂ ಬಿದ್ದ ಏಟಿನ ಗುರುತು ಉಳಿದಿದೆ. ಬೆಂಗಳೂರಿನ ಕಂಪನಿಗಳು 7 ಕೇಳುತ್ತವೆ. ಚಿಕ್ಕಂದಿನಿಂದ ಆಸೆಪಟ್ಟದ್ದು ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಎಂಸಿಎಫ್, ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ. ಇಂಟರ್ನ್‌ಶಿಪ್ಪಿಗೆ ಇಸ್ರೋ ನಿಯಮ ಶೇ 60 ಇಲ್ಲವೇ ಸಿಜಿಪಿಎ 6.32. ಬೆಂಗಳೂರಿನ ಚಿಕ್ಕಪ್ಪ, 4,000 ರೂಪಾಯಿ ಕಟ್ಟಿದರೆ ಮನೆಗೇ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕಳಿಸುವವರಿದ್ದಾರೆ, ನಾನೇ ಕಟ್ಟುತ್ತೇನೆ ಅನ್ನುತ್ತಿದ್ದಾರಂತೆ. 'ಏನು ಮಾಡಲಿ?'

ಉಳಿದ ಅರ್ಧ ಪುಟದಲ್ಲಿ ಒಂದು ಸಾಲು, ಅದೂ ಬ್ರಾಕೆಟ್ಟಿನೊಳಗೆ: 'ರಜೆಯಲ್ಲಿ ಅಪ್ಪನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿರುತ್ತೇನೆ, ಕಾಯಿಲ್ ಸುತ್ತಿ ಸ್ಲಾಟಿಗೆ ಹಾಕೋಕೆ ಬರುತ್ತೆ. ಅದನ್ನೆಲ್ಲ ರೆಸ್ಯೂಮೆಯಲ್ಲಿ ಹಾಕಬೇಡ, ಮರ್ಯಾದೆ ಇರಲ್ಲ ಅಂದ್ರು ಚಿಕ್ಕಪ್ಪ.'

ಅಲ್ಲ ತಾಯಿ, ಇದನ್ನು ಬ್ರಾಕೆಟ್ಟಿನಲ್ಲಿ ಬರೆಯುವುದೇ?

ಸುಟ್ಟ ತ್ರೀಫೇಸ್ ಪಂಪ್ ಮೋಟಾರೊಂದು ಅಂಗಡಿಗೆ ಬರುತ್ತದೆ. ಬಿಚ್ಚಿದಾಗ, ಸ್ಟಾರ್ ಕನೆಕ್ಷನ್ನಿನ (ಮೂರೂ ಫೇಸಿನ ಒಂದೊಂದು ತುದಿ ಒಂದೆಡೆ ಸೇರಿರುವ) ಮೋಟಾರಿನಲ್ಲಿ ಎರಡು ಫೇಸಿನ ಕಾಯಿಲ್ ಕಪ್ಪಗಾಗಿ ಮೂರನೆಯದು ಹೊಸದರ ಹಾಗೆ ಇದ್ದರೆ, ಒಂದು ಲೈನ್ ಹೋಗಿ ಉಳಿದೆರಡೇ ಪೂರ್ತಿ ಹೊರೆ ಎಳೆದಿವೆ ಎಂದು ಅರ್ಥ. ಮೂರೂ ತ್ರಿಕೋನದ ಹಾಗೆ ಸೇರಿರುವ ಡೆಲ್ಟಾದಲ್ಲಿ ಇದು ತಿರುಗುಮುರುಗು: ಒಂದು ಫೇಸ್ ಸುಟ್ಟು ಎರಡು ಉಳಿದಿರುತ್ತವೆ. ಮೂರೂ ಒಂದೇ ಸಮ ಕಂದಿದ್ದರೆ ಓವರ್‌ಲೋಡ್ ಅಥವಾ ಲೋ ವೋಲ್ಟೇಜ್. ಪಂಪು ಜಾಮ್ ಆಗಿತ್ತೋ, ಹೊರೆ ಹೆಚ್ಚಾದರೆ ಮೋಟಾರ್ ನಿಲ್ಲಿಸುವ ರಿಲೇಯನ್ನು ಯಾರಾದರೂ ಬೈಪಾಸ್ ಮಾಡಿದ್ದರೋ ಕೇಳಬೇಕು. ಒಂದೇ ಕಡೆ ಚುಕ್ಕೆಯಷ್ಟು ಸುಟ್ಟಿದ್ದರೆ ಟರ್ನ್ ಶಾರ್ಟು, ಅಂದರೆ ಕಾಯಿಲಿನ ಸುತ್ತುಗಳು ಒಂದಕ್ಕೊಂದು ತಗುಲಿವೆ. ಪುಸ್ತಕದಲ್ಲಿ ಇದು ಅರ್ಧ ಪುಟದ ಚಿತ್ರ. ನಿಮ್ಮ ತರಗತಿಯಲ್ಲಿ 8.5 ತೆಗೆದವರಲ್ಲಿ ಎಷ್ಟು ಜನ ಅದನ್ನು ಕಣ್ಣಲ್ಲಿ ನೋಡಿದ್ದಾರೆ?

ಇನ್ನು ಚಿಕ್ಕಪ್ಪ. ಅಣ್ಣನ ಅಂಗಡಿಯ ಹೆಸರು ಹೇಳಲು ನಾಚುವವರು, ಸುಳ್ಳು ಸರ್ಟಿಫಿಕೇಟಿಗೆ 4,000 ಕೊಡಲು ನಾಚುವುದಿಲ್ಲ. ಈ ಅಂಕಣ ಓದುವವರಿಗೆ ದುಡ್ಡು ಕೊಟ್ಟು ಕೊಳ್ಳುವ ಇಂಟರ್ನ್‌ಶಿಪ್ ಬಗ್ಗೆ ನನ್ನ ಮಾತು ಬಾಯಿಪಾಠವಾಗಿರಬೇಕು, ಆದರೂ ಇನ್ನೊಮ್ಮೆ ಹೇಳುತ್ತೇನೆ. ಆ ಕಾಗದ ಹೇಗಿರುತ್ತದೆಂದರೆ, ಕೆಲಸ ಮಾಡಿದ ವಿಭಾಗದ ಹೆಸರಿಲ್ಲ, ಮೇಲ್ವಿಚಾರಕರ ಸಹಿಯಿಲ್ಲ, ಹುಡುಗ ಯಾರಾದರೂ ವಾಕ್ಯ ಒಂದೇ. ಕಾಲೇಜಿನ ವೈವಾದಲ್ಲಿ 'ಅಲ್ಲಿ ಯಾವ ರೇಟಿಂಗಿನ ಮೋಟಾರ್ ಇತ್ತು?' ಎಂದು ಒಬ್ಬರು ಕೇಳಿದರೆ ಅಲ್ಲಿಗೆ ಮುಗಿಯಿತು. ಮಾರ್ಕ್ಸ್ ಕಡಿಮೆಯಿದ್ದದ್ದಕ್ಕೆ ಯಾರೂ ನಿಮ್ಮನ್ನು ಸುಳ್ಳಿ ಅನ್ನುವುದಿಲ್ಲ. ಇದಕ್ಕೆ ಅನ್ನುತ್ತಾರೆ.

6.18ರ ವಿಷಯಕ್ಕೆ ಬರೋಣ. ಆನ್‌ಲೈನ್ ಫಾರಂನಲ್ಲಿ 7 ಎಂದಿದ್ದರೆ ಅದನ್ನು ಸೋಸುವುದು ಯಂತ್ರ, ಅದರ ಹತ್ತಿರ ಗೋಗರೆದು ಪ್ರಯೋಜನವಿಲ್ಲ. ಅಂಥ ಫಾರಂ ಬಿಡಿ. ಎಂಸಿಎಫ್ ಬಿಡಬೇಡಿ, ಮುಂದಕ್ಕೆ ಹಾಕಿ. ಐದು ಸೆಮಿಸ್ಟರಿಗೆ 100 ಕ್ರೆಡಿಟ್, ಆರನೆಯದಕ್ಕೆ 20 ಎಂದಿಟ್ಟುಕೊಳ್ಳಿ. ಈಗಿರುವುದು 618 ಪಾಯಿಂಟ್. 120 ಕ್ರೆಡಿಟ್ಟಿಗೆ 6.32 ಬರಬೇಕಾದರೆ 758.4 ಬೇಕು. ಕೊರತೆ 140.4; ಅಂದರೆ ಈ ಸೆಮಿಸ್ಟರಿನಲ್ಲಿ ನೀವು ತೆಗೆಯಬೇಕಾದದ್ದು 7.02. ನಿಮ್ಮ ಗ್ರೇಡ್ ಕಾರ್ಡಿನ ಕ್ರೆಡಿಟ್ ಬೇರೆಯಿದ್ದರೆ ಅದನ್ನೇ ಹಾಕಿ ಲೆಕ್ಕ ಮಾಡಿ. ಐದನೇ ಸೆಮಿಸ್ಟರಿನಲ್ಲಿ 6.9 ಬಂದಿದೆ ಎಂದು ನೀವೇ ಬರೆದಿದ್ದೀರಿ. ಆಕಾಶ ಎಷ್ಟು ಎತ್ತರದಲ್ಲಿದೆ ಎಂದು ಅಳೆಯದೆಯೇ ಎರಡು ಪುಟ ಅತ್ತಿದ್ದೀರಲ್ಲ!

ಗೆಳತಿ ಹೇಳಿದಳೆಂದು ನೀವು ಬರೆದ ಪಿಎಂ ಇಂಟರ್ನ್‌ಶಿಪ್ ನಿಮಗಲ್ಲ. 2024ರಲ್ಲಿ ತಿಂಗಳಿಗೆ 5,000 ರೂಪಾಯಿಯೊಂದಿಗೆ ಶುರುವಾದ ಆ ಯೋಜನೆಯನ್ನು ಮಾಡಿದ್ದು ಪೂರ್ಣಾವಧಿ ಓದುತ್ತಿರುವವರಿಗೆ ಅಂತಲ್ಲ.

ಈ ರಜೆಯ ಇಂಟರ್ನ್‌ಶಿಪ್ಪನ್ನು ಹತ್ತಿರದಲ್ಲೇ ಹುಡುಕಿ. ಮೋಟಾರ್ ಎಲ್ಲಿ ಹೆಚ್ಚು ತಿರುಗುತ್ತದೋ ಅಲ್ಲಿಗೆ ಹೋಗಿ: ಹಾಸನ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು, ಹಾಲು ಒಕ್ಕೂಟದ ಡೇರಿ, ಕೈಗಾರಿಕಾ ಪ್ರದೇಶದ ಜವಳಿ ಘಟಕಗಳು. ಕ್ಯೂರಿಂಗ್‌ನವರನ್ನು ಸೀಸನ್ ಜೋರಾಗಿರುವಾಗ ಕೇಳಬೇಡಿ, ಯಾರಿಗೂ ಪುರುಸೊತ್ತಿರುವುದಿಲ್ಲ. ಯಂತ್ರ ನಿಲ್ಲಿಸಿ ಬಿಚ್ಚುವ ಕಾಲ ಯಾವುದೆಂದು ವಿಚಾರಿಸಿ ಆಗ ಹೋಗಿ. ಎಚ್‌ಆರ್‌ಗೆ ಬರೆಯಬೇಡಿ. ಮೇಂಟೆನೆನ್ಸ್ ಮುಖ್ಯಸ್ಥರ ಹೆಸರನ್ನು ಗೇಟಿನಲ್ಲಿ ಕೇಳಿ ತಿಳಿದುಕೊಂಡು ಅವರಿಗೇ ಬರೆಯಿರಿ. ಜೊತೆಗೆ ಕಾಲೇಜಿನ ವಿಭಾಗ ಮುಖ್ಯಸ್ಥರ ಪತ್ರ ಇರಲಿ, ಎಷ್ಟು ವಾರ, ಯಾವ ತಾರೀಖಿನಿಂದ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ನಲವತ್ತು ಜನಕ್ಕೆ ಒಂದೇ ಮೇಲ್ ಕಳಿಸಿದರೆ ನಲವತ್ತೂ ಕಸದ ಬುಟ್ಟಿಗೆ.

ಸಿಜಿಪಿಎ ಮುಚ್ಚಿಡಬೇಡಿ. ಬರೆಯದೆ ಬಿಟ್ಟರೆ ಓದುವವರು 5 ಇರಬೇಕು ಅಂದುಕೊಳ್ಳುತ್ತಾರೆ. '6.18, ಐದನೇ ಸೆಮಿಸ್ಟರ್ 6.9, ಬಾಕಿ ವಿಷಯ ಇಲ್ಲ' ಅಂತ ಒಂದೇ ಸಾಲು. ಯಾಕೆ ಕಡಿಮೆ ಎಂದರೆ, 'ಮೂರನೇ ಸೆಮಿಸ್ಟರಿನ ಗಣಿತ ಸರ್, ಈಗ ಪಾಸಾಗಿದೆ' ಎಂದು ಹೇಳಿ ಸುಮ್ಮನಾಗಿ. ಮನೆಯ ಕಷ್ಟ, ಹಾಸ್ಟೆಲಿನ ಜ್ವರ ಯಾವುದೂ ಬೇಡ.

ಇಷ್ಟೆಲ್ಲ ಮರೆತರೂ ಪರವಾಗಿಲ್ಲ, ಒಂದನ್ನು ಮಾತ್ರ ಮಾಡಲೇಬೇಕು. ಇವತ್ತೇ ಒಂದು 200 ಪುಟದ ನೋಟ್‌ಬುಕ್ ಕೊಳ್ಳಿ. (ಬರೆದಿಡದ ಕೆಲಸವನ್ನು ನಾನು ಕೆಲಸವೆಂದೇ ಒಪ್ಪುವವಳಲ್ಲ, ಗೊತ್ತಲ್ಲ.) ಇನ್ನು ಅಂಗಡಿಗೆ ಬರುವ ಹನ್ನೆರಡು ಮೋಟಾರಿಗೆ ಒಂದೊಂದು ಪುಟ. ನೇಮ್‌ಪ್ಲೇಟಿನ ಎಚ್‌ಪಿ, ವೋಲ್ಟ್, ಆಂಪಿಯರ್. ಸ್ಲಾಟ್ ಎಷ್ಟು, ಕಾಯಿಲಿಗೆ ಎಷ್ಟು ಸುತ್ತು, ತಂತಿಯ ಗೇಜು. ಹಳೆಯ ಕಾಯಿಲನ್ನು ಕತ್ತರಿಸುವ ಮೊದಲೇ ಸುತ್ತು ಎಣಿಸಿ, ಕನೆಕ್ಷನ್ನಿನ ಚಿತ್ರ ಬರೆದುಕೊಳ್ಳಿ. ಆಮೇಲೆ ನೆನಪಿನಿಂದ ಬರೆದರೆ ತಪ್ಪುತ್ತದೆ. ಸುಟ್ಟ ಕಾಯಿಲಿನ ಫೋಟೊ, ಕಾರಣ ಏನಿರಬಹುದೆಂದು ನಿಮ್ಮ ಊಹೆ, ಅಪ್ಪ ಹೇಳಿದ ಕಾರಣ, ಎರಡೂ ಬೇರೆಬೇರೆಯಾಗಿ. ವಾರ್ನಿಶ್ ಒಣಗಿದ ಮೇಲೆ ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರಿನ ರೀಡಿಂಗ್. 1 ಮೆಗಾ ಓಂಗಿಂತ ಕೆಳಗಿದ್ದರೆ ತೇವ ಉಳಿದಿದೆ ಅಥವಾ ಇನ್ಸುಲೇಷನ್ ಹರಿದಿದೆ, ಓಡಿಸಬೇಡಿ. ಓಡಿಸಿದ ಮೇಲೆ ಲೋಡಿಲ್ಲದೆ ಮೂರೂ ಫೇಸಿನ ಆಂಪಿಯರ್. ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಫೇಸ್ ಎದ್ದು ಕಂಡರೆ ಮೊದಲು ಸಪ್ಲೈ ವೋಲ್ಟೇಜ್ ನೋಡಿ, ಅದು ಸರಿಯಿದ್ದರೆ ಸುತ್ತಿನ ಲೆಕ್ಕ ಅಥವಾ ಕನೆಕ್ಷನ್ ತಪ್ಪಿದೆ. ತಪ್ಪಿದ್ದನ್ನೂ ಬರೆಯಿರಿ, ಅದೇ ಪುಟವನ್ನು ಮೇಂಟೆನೆನ್ಸ್‌ನವರು ಎರಡು ಸಲ ಓದುವುದು.

ಹನ್ನೆರಡು ಮುಗಿದಾಗ ಅವನ್ನೆಲ್ಲ ಒಂದೇ ಪುಟದ ಪಟ್ಟಿ ಮಾಡಿ ಅರ್ಜಿಗೆ ಲಗತ್ತಿಸಿ. ರೆಸ್ಯೂಮೆಯಲ್ಲಿ ಅಂಗಡಿಯ ಹೆಸರು, ಅಪ್ಪನ ಹೆಸರು ಬರಲಿ, ಸಿಜಿಪಿಎಗಿಂತ ಮೇಲಿನ ಸಾಲಿನಲ್ಲಿ. ಚಿಕ್ಕಪ್ಪ ಮತ್ತೆ ಫೋನ್ ಮಾಡಿದರೆ ಅಪ್ಪನ ಕೈಗೆ ಕೊಡಿ. ನಿಮ್ಮ ಕೈ ತುಂಬ ವಾರ್ನಿಶ್ ಇರುತ್ತದೆ.