‘ಹುಳ ಕಾಯಲ್ಲ ಮೇಡಂ’: ಮುಟ್ಟಿನ ಮೊದಲ ದಿನ ಮತ್ತು ಒಂದು ರೇಷ್ಮೆ ಮನೆ

ನನ್ನ ಹತ್ತಿರ ಕಷ್ಟ ಹೇಳಿಕೊಂಡು ಬಂದ ಒಬ್ಬ ಹೆಣ್ಣುಮಗಳ ಕಥೆ ಇದು. ಗುರುತು ಸಿಗಬಾರದು ಅಂತ ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಚಿಕ್ಕಬಳ್ಳಾಪುರ ಜಿಲ್ಲೆ, ಶಿಡ್ಲಘಟ್ಟದ ಕಡೆಯ ಹಳ್ಳಿ. ಮೂವತ್ತು ದಾಟಿದ ಹೆಣ್ಣುಮಗಳು. ಗಂಡ, ಅತ್ತೆ, ಇಬ್ಬರು ಮಕ್ಕಳು, ಸ್ವಲ್ಪ ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡೇ ಹುಳದ ಮನೆ. ಆಶಾ ಕಾರ್ಯಕರ್ತೆ ಹೇಳಿ ಕಳಿಸಿದ್ದರು. ಬಂದಾಗ ಆಕೆ ಹೇಳಿದ್ದು ಮುಟ್ಟಿನ ವಿಷಯ ಅಲ್ಲವೇ ಅಲ್ಲ. "ಸಿಟ್ಟು ತಡ್ಕೊಳ್ಳೋಕೆ ಆಗ್ತಿಲ್ಲ ಮೇಡಂ, ಮೊನ್ನೆ ಮಗಳಿಗೆ ಹೊಡೆದುಬಿಟ್ಟೆ, ಆಮೇಲೆ ನಾನೇ ಅತ್ತುಬಿಟ್ಟೆ" ಅಂದರು.

ಸಿಟ್ಟು, ಅಳು, ನಿದ್ದೆ ಇಲ್ಲ ಅಂತ ಬರುವ ಹೆಂಗಸರ ಹತ್ತಿರ ನಾನು ಕೇಳುವ ಮೊದಲ ಪ್ರಶ್ನೆಗಳಲ್ಲಿ ತಾರೀಖೂ ಒಂದು. ಹೋದ ಸಲ ಯಾವಾಗ ಮುಟ್ಟಾದಿರಿ, ಈ ಜಗಳ ಆಗಿದ್ದು ಯಾವತ್ತು. ಆಕೆಗೆ ನೆನಪಿರಲಿಲ್ಲ. ಆದರೆ ಹುಳದ ಲೆಕ್ಕ ಬಾಯಿಪಾಠ: ಚಾಕಿ (ಮರಿಹುಳ) ತಂದಿದ್ದು ಯಾವತ್ತು, ಮೂರನೇ ಜ್ವರ ಯಾವತ್ತು, ನಾಲ್ಕನೇ ಜ್ವರ ಎದ್ದಿದ್ದು ಯಾವತ್ತು, ಗೂಡು ಕಟ್ಟಲು ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಟ್ಟಿದ್ದು ಯಾವತ್ತು. (ರೇಷ್ಮೆ ಗೊತ್ತಿಲ್ಲದವರಿಗೆ: ಹುಳ ಪೊರೆ ಬಿಡುವ ಹೊತ್ತಿಗೆ ತಿನ್ನುವುದು ನಿಲ್ಲಿಸುತ್ತದೆ, ಅದನ್ನೇ ನಮ್ಮ ಕಡೆ ಜ್ವರ ಅನ್ನುವುದು. ಅಂಥದ್ದು ನಾಲ್ಕು.) ಸರಿ, ಅದೇ ಕ್ಯಾಲೆಂಡರ್‌ನಲ್ಲಿ ನಿಮ್ಮ ತಾರೀಖೂ ಬರೆಯಿರಿ, ಯಾವ ದಿನ ಸಿಟ್ಟು ಬಂತು, ಯಾವ ದಿನ ನೋವು, ಯಾವ ದಿನ ಚೆನ್ನಾಗಿದ್ದಿರಿ ಅಂತ ಒಂದೊಂದು ಗುರುತು ಹಾಕಿ, ಎರಡು ತಿಂಗಳು ಸಾಕು ಅಂದೆ. ಎರಡು ಸುತ್ತು ನೋಡದೆ ಇದು ಮುಟ್ಟಿಗೆ ಮುಂಚಿನ ಏರುಪೇರು ಅಂತ ಹೇಳಲು ಬರುವುದಿಲ್ಲ.

ಅಷ್ಟು ದಿನ ಸುಮ್ನೆ ಕಾಯಿಸಿದೆ ಅಂತಲ್ಲ. ಸಾಯಬೇಕು ಅನ್ನಿಸುತ್ತಾ ಅಂತ ಅವತ್ತೇ ನೇರವಾಗಿ ಕೇಳಿದೆ. ಇಲ್ಲ ಅಂದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂತಲೂ ಹೇಳಿ ಕಳಿಸಿದೆ. ಹಿಮೋಗ್ಲೋಬಿನ್ 9.4 ಬಂತು. ಗರ್ಭಿಣಿ ಅಲ್ಲದ ಹೆಂಗಸಿಗೆ 12 ಇರಬೇಕು. ಇದೇನೂ ಅಪರೂಪ ಅಲ್ಲ ಬಿಡಿ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನಕ್ಕೆ ರಕ್ತಹೀನತೆ ಇದೆ. ಎಲ್ಲರಿಗೂ ಇದೆ ಅನ್ನುವ ಕಾರಣಕ್ಕೇ ಯಾರೂ ಅದನ್ನು ಕಾಯಿಲೆ ಅಂದುಕೊಳ್ಳುವುದಿಲ್ಲ.

ಕ್ಯಾಲೆಂಡರ್ ತಂದಾಗ ಎಲ್ಲ ಎದುರಿಗೇ ಇತ್ತು. ಮುಟ್ಟಿಗೆ ಮೂರ್ನಾಲ್ಕು ದಿನ ಮುಂಚೆ ಸಿಟ್ಟು ಶುರು, ಎರಡನೇ ದಿನದ ಹೊತ್ತಿಗೆ ಇಳಿಯುತ್ತದೆ. ಆದರೆ ಒಂದು ತಿಂಗಳು ಸುಮಾರಾಗಿ ಕಳೆದಿತ್ತು, ಇನ್ನೊಂದು ತಿಂಗಳು ಮನೆ ರಣರಂಗ. ವ್ಯತ್ಯಾಸ ಏನು ಅಂದರೆ, ಎರಡನೇ ಸಲ ಮುಟ್ಟಾಗಿದ್ದು ನಾಲ್ಕನೇ ಜ್ವರ ಎದ್ದ ಮೇಲೆ. ಹುಳ ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕಿಂತ ಜಾಸ್ತಿ ತಿನ್ನುವುದು ಆ ಕಡೇ ವಾರದಲ್ಲೇ. ಬೆಳಗ್ಗೆ ಕತ್ತಲಿರುವಾಗಲೇ ತೋಟಕ್ಕೆ ಹೋಗಿ ರೆಂಬೆ ಕೊಯ್ದು ಹೊರೆ ಹೊರಬೇಕು, ರಾತ್ರಿ ತಡವಾಗಿ ಮತ್ತೆ ಸೊಪ್ಪು ಹಾಕಬೇಕು. ನಿದ್ದೆ ಎಲ್ಲಿಂದ ಬರಬೇಕು? ಹಾಗಾಗಿ ಸಿಟ್ಟನ್ನೆಲ್ಲ ಹಾರ್ಮೋನ್ ತಲೆಗೆ ಕಟ್ಟುವುದು ನನಗೆ ಇಷ್ಟವಿಲ್ಲ. ಅರ್ಧ ಸಿಟ್ಟು ನ್ಯಾಯವಾದದ್ದೇ ಆಗಿತ್ತು.

ಇನ್ನೊಂದು ಮಾತು ಆಕೆ ತಲೆ ತಗ್ಗಿಸಿ ಹೇಳಿದರು, ಹೇಳಬಾರದ್ದೇನೋ ಹೇಳುವವರ ಹಾಗೆ. ತವರಲ್ಲಿ ಇದ್ದಾಗ ಮೂರು ದಿನ ಮನೆಯಿಂದ ಆಚೆ ಜಗಲಿ ಮೇಲೆ ಕೂರಿಸುತ್ತಿದ್ದರಂತೆ. ಬೇರೆ ತಟ್ಟೆ, ಬೇರೆ ಚಾಪೆ. ಮದುವೆಯಾದ ಮೇಲೆ ಗಂಡ "ಅವೆಲ್ಲ ನಮ್ಮ ಮನೇಲಿ ಬೇಡ" ಅಂದರು, ಒಳ್ಳೆಯ ಮನಸ್ಸಿನಿಂದಲೇ ಅಂದರು. ಜಗಲಿ ಹೋಯಿತು. ಅಡುಗೆ, ಪಾತ್ರೆ, ಬಟ್ಟೆ, ಸೊಪ್ಪು ಎಲ್ಲ ಬಂತು. ಅತ್ತೆಯ ಎರಡು ನಿಯಮ ಮಾತ್ರ ಉಳಿದವು: ದೇವರ ಕೋಣೆಗೆ ಹೋಗಬಾರದು, ಹುಳದ ಮನೆಗೆ ಹೋಗಬಾರದು. ಅಂದರೆ ನೆರಳಲ್ಲಿ ನಿಂತು ಸೊಪ್ಪು ಹಾಸುವ ಕೆಲಸ ಮಾಡುವಂತಿಲ್ಲ, ಬಿಸಿಲಲ್ಲಿ ಬಗ್ಗಿ ಕೊಯ್ದು ಹೊರೆ ಹೊರುವ ಕೆಲಸ ಮಾಡಬಹುದು! "ಜಗಲಿ ಮೇಲೆ ಕೂತಾಗ್ಲೇ ಚೆನ್ನಾಗಿತ್ತು ಮೇಡಂ. ಅಲ್ಲಿ ಯಾರೂ ಕೆಲಸ ಹೇಳ್ತಿರಲಿಲ್ಲ."

ಇದನ್ನು ಕೇಳಿ ಸಿಟ್ಟಾಗುವ ಗೆಳತಿಯರು ನನಗಿದ್ದಾರೆ. ನಾನು ಆಗಲಿಲ್ಲ. ಆಕೆಗೆ ಬೇಕಾಗಿದ್ದು ಮೈಲಿಗೆ ಅಲ್ಲ, ವಿಶ್ರಾಂತಿ. ಅದು ಆಕೆಗೆ ಸಿಕ್ಕಿದ್ದೇ ಆ ದಾರಿಯಲ್ಲಿ, ಅಷ್ಟೇ. ಮೈಲಿಗೆ ಬಿಟ್ಟ ಮನೆಗಳು ಆ ಮೂರು ದಿನದ ಕೆಲಸವನ್ನು ಯಾರು ಮಾಡಬೇಕು ಅಂತ ಮಾತಾಡಲೇ ಇಲ್ಲ. ಮಾತಾಡದೇ ಇದ್ದಾಗ ಅದು ಯಾರ ಹೆಗಲಿಗೆ ಬರುತ್ತದೆ ಅಂತ ಹೇಳಬೇಕಾ?

ಇನ್ನು ನೋವು. ಮಕ್ಕಳಾದ ಮೇಲೆ ಕಡಿಮೆಯಾಗಿದ್ದ ನೋವು ಎರಡು ವರ್ಷದಿಂದ ಜಾಸ್ತಿಯಾಗುತ್ತಿತ್ತು, ಸ್ರಾವವೂ ಜಾಸ್ತಿ, ಗಡ್ಡೆ ಗಡ್ಡೆಯಾಗಿ ಹೋಗುತ್ತಿತ್ತು. ಇದು ನನ್ನ ಕೈಲಿ ಆಗುವ ಕೆಲಸ ಅಲ್ಲ, ನಾನು ಡಾಕ್ಟರಲ್ಲ. ಮೈನೆರೆದ ಹೊಸದರಲ್ಲಿ ಶುರುವಾಗಿ ಪ್ರತಿ ತಿಂಗಳು ಒಂದೇ ಥರ ಬರುವ ನೋವು ಬೇರೆ, ವಯಸ್ಸಾದ ಮೇಲೆ ಹೊಸದಾಗಿ ಬಂದು ಏರುತ್ತಾ ಹೋಗುವ ನೋವು ಬೇರೆ. ಎರಡನೆಯದಕ್ಕೆ ಸ್ತ್ರೀರೋಗ ತಜ್ಞರನ್ನು ನೋಡಲೇಬೇಕು. ಏಳು ದಿನ ಮೀರಿ ಹೋಗುವ ಸ್ರಾವ, ಒಂದೆರಡು ಗಂಟೆಗೇ ಪ್ಯಾಡ್ ಪೂರ್ತಿ ನೆನೆಯುವುದು, ಎರಡು ಮುಟ್ಟಿನ ನಡುವೆ ರಕ್ತ ಕಾಣುವುದು, ಜ್ವರ, ಕೆಟ್ಟ ವಾಸನೆ, ಗಂಡನ ಜೊತೆ ಸೇರಿದಾಗ ನೋವು, ಇವೂ ಹಾಗೇ. ಕಷಾಯ ಕುಡಿದುಕೊಂಡು ಕೂರುವ ವಿಷಯ ಅಲ್ಲ.

ಆಕೆ ಆಸ್ಪತ್ರೆಗೆ ಹೋಗಲು ಹೆದರುತ್ತಿದ್ದರು. ಯಾಕೆ ಅಂದರೆ, ಪಕ್ಕದ ಮನೆಯವರು ಇದೇ ತೊಂದರೆಗೆ ಗರ್ಭಕೋಶ ತೆಗೆಸಿಕೊಂಡಿದ್ದರು, "ನೀನೂ ತೆಗೆಸಿಬಿಡು, ಮಕ್ಕಳಾಯ್ತಲ್ಲ, ಪೀಡೆ ಹೋಗುತ್ತೆ" ಅಂತ ಹೇಳುತ್ತಲೇ ಇದ್ದರು. ಈ ಮಾತು ನಮ್ಮ ಕಡೆ ಎಷ್ಟು ಸಲೀಸು ಅಂದರೆ ಹಲ್ಲು ಕೀಳಿಸಿದಷ್ಟು. ನಾನು ಹೇಳಿದ್ದು: ಮೊದಲು ತಪಾಸಣೆ, ಸ್ಕ್ಯಾನ್, ಔಷಧಿ. ಯಾರಾದರೂ ಮೊದಲ ಭೇಟಿಯಲ್ಲೇ ತೆಗೆಸಿ ಅಂದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಒಪ್ಪಬೇಡಿ. ಮೂವತ್ತರ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಅಂಡಾಶಯಗಳೂ ಹೋದರೆ ಮುಟ್ಟು ನಿಲ್ಲುವ ತೊಂದರೆಗಳೆಲ್ಲ ಒಮ್ಮೆಲೇ ಬರುತ್ತವೆ, ಮೂಳೆ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಆಕೆಯ ಸ್ಕ್ಯಾನ್‌ನಲ್ಲಿ ಒಂದು ಸಣ್ಣ ನಾರುಗಡ್ಡೆ ಕಂಡಿತು. ಔಷಧಿ ಕೊಟ್ಟು ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು ಡಾಕ್ಟರು. ಅಷ್ಟೇ.

ಆಮೇಲೆ ನಾವು ಕೂತು ಮಾತಾಡಿದ್ದೆಲ್ಲ ಸಣ್ಣ ಸಣ್ಣ ವಿಷಯ.

ನೋವಿನ ಮಾತ್ರೆಯನ್ನು ಆಕೆ ತಡೆಯಲಾರದಷ್ಟು ಆದ ಮೇಲೆ, ಖಾಲಿ ಹೊಟ್ಟೆಗೆ, ಟೀ ಜೊತೆ ನುಂಗುತ್ತಿದ್ದರು. ಮುಟ್ಟಿನ ನೋವಿಗೆ ಮುಖ್ಯ ಕಾರಣ ಗರ್ಭಕೋಶದ ಒಳಪದರದಲ್ಲಿ ತಯಾರಾಗುವ ಪ್ರೊಸ್ಟಾಗ್ಲಾಂಡಿನ್ ಅನ್ನುವ ವಸ್ತು, ಅದೇ ಗರ್ಭಕೋಶವನ್ನು ಹಿಂಡುವುದು. ಮೆಫೆನಮಿಕ್ ಆಸಿಡ್, ಐಬುಪ್ರೊಫೆನ್ ಥರದ ಮಾತ್ರೆಗಳು ಅದು ತಯಾರಾಗುವುದನ್ನೇ ತಡೆಯುತ್ತವೆ. ಹಾಗಾಗಿ ನೋವು ಶುರುವಾದ ಕೂಡಲೇ, ಏನಾದರೂ ತಿಂದು, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ತಗೊಂಡರೆ ಕೆಲಸ ಮಾಡುತ್ತವೆ. ತಡೆದುಕೊಳ್ಳುವುದರಲ್ಲಿ ಯಾವ ಪುಣ್ಯವೂ ಇಲ್ಲ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಉಬ್ಬಸ ಇದ್ದವರು, ಡೆಂಗಿ ಅನುಮಾನದ ಜ್ವರ ಇರುವವರು ಕೇಳದೆ ತಗೊಳ್ಳಬಾರದು. ಮೆಫೆನಮಿಕ್ ಆಸಿಡ್ ಬಗ್ಗೆ 2023ರ ಕೊನೆಯಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ ಒಂದು ಎಚ್ಚರಿಕೆಯನ್ನೂ ಕೊಟ್ಟಿದೆ: ಅಪರೂಪಕ್ಕೆ ಗಂಭೀರ ಅಲರ್ಜಿ ಆಗಬಹುದು. ಮಾತ್ರೆ ತಗೊಂಡ ಮೇಲೆ, ಕೆಲವು ವಾರ ಕಳೆದಿದ್ದರೂ ಸರಿ, ಜ್ವರ, ಮೈಮೇಲೆ ಗಂಧೆ, ಮುಖ ಊತ ಬಂದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಮಾತ್ರೆಯಷ್ಟೇ ನನಗೆ ನಂಬಿಕೆ ಇರುವುದು ಶಾಖದ ಮೇಲೆ. ಬಿಸಿನೀರಿನ ಬ್ಯಾಗನ್ನು ಟವೆಲ್‌ನಲ್ಲಿ ಸುತ್ತಿ ಕಿಬ್ಬೊಟ್ಟೆ ಮೇಲೋ ಸೊಂಟದ ಹಿಂದೆಯೋ ಇಟ್ಟುಕೊಂಡು ಕಾಲು ಮಡಚಿ ಒಂದು ಮಗ್ಗುಲಿಗೆ ಮಲಗಿ, ಮಂಡಿಗಳ ನಡುವೆ ಒಂದು ದಿಂಬು. ಬ್ಯಾಗ್ ಇಲ್ಲದಿದ್ದರೆ ಹುರಿದ ಉಪ್ಪಿನ ಗಂಟು, ಅದು ಅತ್ತೆಯಂದಿರಿಗೆಲ್ಲ ಗೊತ್ತಿರುವುದೇ. ಮೊದಲು ಒಳಗೈಗೆ ಮುಟ್ಟಿಸಿ ನೋಡಿ, ಇಟ್ಟುಕೊಂಡೇ ನಿದ್ದೆ ಹೋಗಬೇಡಿ. ಚರ್ಮ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ನೋವು ಇಳಿದ ಮೇಲೆ ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡಿದರೆ ಒಳ್ಳೆಯದು, ಆದರೆ ಸೊಪ್ಪಿನ ಹೊರೆ ಹೊತ್ತಿದ್ದೇ ವ್ಯಾಯಾಮ ಆಯ್ತಲ್ಲ ಅಂತ ಯಾರಾದರೂ ಅಂದರೆ ಅವರ ಮಾತು ಕೇಳಬೇಡಿ.

ಊಟದಲ್ಲಿ ದೊಡ್ಡ ಬದಲಾವಣೆ ಏನೂ ಬೇಕಿರಲಿಲ್ಲ. ಮುದ್ದೆ, ಸೊಪ್ಪಿನ ಸಾರು, ಕಾಳು ಇರುವ ಮನೆ. ತೊಂದರೆ ಇದ್ದಿದ್ದು ಟೀಯಲ್ಲಿ. ಊಟದ ಜೊತೆ ಟೀ ಕುಡಿದರೆ ಸೊಪ್ಪಿನಲ್ಲಿರುವ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ, ಸಾರಿಗೆ ನಿಂಬೆ ಹಿಂಡಿಕೊಳ್ಳಿ ಅಂದೆ. ರಾಗಿಯಲ್ಲಿ ಸುಣ್ಣದಂಶ ಭರ್ತಿ ಇದೆ, ಆದರೆ ರಕ್ತಕ್ಕೆ ರಾಗಿ ಒಂದನ್ನೇ ನಂಬಬೇಡಿ. ಮೊಳಕೆ ಕಟ್ಟಿದ ರಾಗಿ ಹಿಟ್ಟಾದರೆ ಕಬ್ಬಿಣ ಸ್ವಲ್ಪ ಸುಲಭವಾಗಿ ಸಿಗುತ್ತದೆ. 9.4 ಇದ್ದಾಗ ಊಟ ಮಾತ್ರ ಸಾಲುವುದೂ ಇಲ್ಲ, ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ನುಂಗಲೇಬೇಕು. ಮಲ ಕಪ್ಪಗಾಗುತ್ತದೆ ಅಂತ ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ. ಮೊಸರು ತಿನ್ನಬಾರದು, ತಲೆಗೆ ಸ್ನಾನ ಮಾಡಬಾರದು ಅನ್ನುವುದಕ್ಕೆಲ್ಲ ಯಾವ ಕಾರಣವೂ ಇಲ್ಲ. ಬಿಸಿನೀರಿನ ಸ್ನಾನ ಆ ದಿನದ ಅತಿ ಸುಲಭದ ಸುಖ.

ಬಟ್ಟೆ ಬಳಸುತ್ತಿದ್ದರು. ತಪ್ಪೇನಿಲ್ಲ. ಆದರೆ ಬಚ್ಚಲಲ್ಲಿ ಸೀರೆ ಕೆಳಗೆ ಮುಚ್ಚಿ ಒಣಗಿಸುತ್ತಿದ್ದರು, ಅದು ತಪ್ಪು. ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿ. ಯೋನಿಯ ಒಳಗೆಲ್ಲ ಸೋಪು ಹಾಕಿ ತೊಳೆಯುವುದು ಬೇಡ, ಹೊರಗೆ ನೀರು ಸಾಕು.

ಕಷ್ಟ ಇದ್ದಿದ್ದು ಗಂಡನ ಜೊತೆ ಮಾತಾಡುವುದರಲ್ಲಿ. ಮೊದಲ ದಿನವಾದರೂ ತೋಟದ ಕೆಲಸ ಬೇಡ ಅಂದಾಗ ಅವರು ಹೇಳಿದ್ದು, "ಹುಳ ಕಾಯಲ್ಲ ಮೇಡಂ." ನಿಜ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ, ಆದರೆ ಆ ಆದೇಶವನ್ನು ಹುಳಕ್ಕೆ ಓದಿ ಹೇಳುವವರು ಯಾರು? ಹಾಗಾಗಿ ನಾನು ಹಕ್ಕು ಅಂತ ಭಾಷಣ ಮಾಡಲಿಲ್ಲ, ಲೆಕ್ಕ ಕೇಳಿದೆ. ಹಿಂದಿನ ದಿನ ಸಂಜೆಯೇ ಸೊಪ್ಪು ಕೊಯ್ದು ಒದ್ದೆ ಗೋಣಿ ಹೊದಿಸಿ ತಂಪಲ್ಲಿ ಇಟ್ಟರೆ ಬೆಳಗ್ಗೆಗೆ ಆಗಲ್ವಾ? ಆಗುತ್ತೆ. ಚಾಕಿ ತರುವ ತಾರೀಖನ್ನು ನಾಲ್ಕು ದಿನ ಹಿಂದೆ ಮುಂದೆ ಮಾಡಿದರೆ ಕಡೇ ವಾರ ಇವರ ದಿನಕ್ಕೆ ಬೀಳದ ಹಾಗೆ ನೋಡಬಹುದಲ್ವಾ? ಅವರು ಸ್ವಲ್ಪ ಹೊತ್ತು ಕ್ಯಾಲೆಂಡರ್ ನೋಡಿದರು. ಇದನ್ನು ಯಾವತ್ತೂ ಯೋಚಿಸಿರಲಿಲ್ಲ, ನೋವು ಬರುತ್ತೆ ಅಂತ ಗೊತ್ತಿತ್ತು, ಎಲ್ಲ ಹೆಂಗಸರಿಗೂ ಬರುವುದೇ ಅಲ್ವಾ ಅಂದುಕೊಂಡಿದ್ದೆ ಅಂದರು. ಜಗಳ ಆಗಬಹುದಿತ್ತು, ಆಗಲಿಲ್ಲ. ತಾರೀಖು ಹೊಂದಿಸದ ತಿಂಗಳು ಒಂದು ದಿನಕ್ಕೆ ಕೂಲಿ ಆಳು ಕರೆಯುವುದು ಅಂತಲೂ ಆಯಿತು.

ಅತ್ತೆ ಒಪ್ಪಲಿಲ್ಲ. "ನಾವೆಲ್ಲ ಹಸಿ ಬಾಣಂತಿಗಳಾಗಿದ್ದಾಗ್ಲೇ ಸೊಪ್ಪು ಹೊತ್ತೋರು, ಇವಳಿಗೆ ಆಳು ಬೇಕಂತೆ, ದುಡ್ಡು ದಂಡ" ಅಂತ ಇವತ್ತಿಗೂ ಅನ್ನುತ್ತಾರಂತೆ. ಆದರೆ ಸೊಸೆಯ ಮುಟ್ಟಿನ ಮೊದಲ ದಿನ ರಾತ್ರಿ ಮುದ್ದೆ ಅವರೇ ತಿರುವುತ್ತಾರೆ, ಯಾಕೆಂದರೆ ಮಗ ಮಾಡಿದ ಮುದ್ದೆ ಗಂಟು ಗಂಟು.

ದೇವರ ಕೋಣೆ, ಹುಳದ ಮನೆ ವಿಷಯಕ್ಕೆ ನಾನು ಕೈ ಹಾಕಲಿಲ್ಲ. ಹುಳಕ್ಕೆ ಹಾಲುತೊಂಡೆ ರೋಗ ಬರುವುದು ವೈರಸ್‌ನಿಂದ, ಗಂಟುರೋಗ ಮುಖ್ಯವಾಗಿ ಮೊಟ್ಟೆಯಿಂದ ಬರುತ್ತದೆ, ಮುಟ್ಟಿಗೂ ಅದಕ್ಕೂ ಸಂಬಂಧವಿಲ್ಲ, ಕೈಕಾಲು ತೊಳೆದು ಒಳಗೆ ಹೋಗಬೇಕು ಅನ್ನುವುದು ಗಂಡಸರಿಗೂ ಸೇರಿದ್ದು ಅಂತ ಆಕೆಗೆ ಹೇಳಿದೆ. ಆಕೆ ನಕ್ಕು, "ಗೊತ್ತು ಮೇಡಂ, ಆದ್ರೆ ಅದೊಂದು ಕೆಲಸನಾದ್ರೂ ತಪ್ಪಿದೆ, ಇರಲಿ ಬಿಡಿ" ಅಂದರು. ಆ ಜಗಳ ಯಾವಾಗ ಶುರು ಮಾಡಬೇಕು, ಮಾಡಲೇಬೇಕಾ ಅನ್ನುವುದು ಆಕೆಗೆ ಬಿಟ್ಟಿದ್ದು. ಇದಕ್ಕೆ ನನ್ನನ್ನು ಬೈಯುವವರು ಬೈಯಬಹುದು.

ಸಿಟ್ಟಿಗೆ ಆಕೆಗೆ ಹೇಳಿದ್ದು ಒಂದೇ. ಆ ಮೂರ್ನಾಲ್ಕು ದಿನ ಕ್ಯಾಲೆಂಡರ್‌ನಲ್ಲಿ ಗುರುತಿದ್ದರೆ, ಮಗಳಿಗೆ ಮೊದಲೇ "ಈ ವಾರ ಅಮ್ಮನಿಗೆ ಸುಸ್ತು" ಅಂತ ಹೇಳಿ, ಕೈ ಏಳುವಷ್ಟು ಸಿಟ್ಟು ಬಂದಾಗ ಆ ಜಾಗ ಬಿಟ್ಟು ಆಚೆ ಹೋಗಿ, ದೊಡ್ಡ ಮಾತುಕತೆಗಳನ್ನು ಮುಂದಿನ ವಾರಕ್ಕೆ ಹಾಕಿ. ಹೊಡೆದದ್ದಕ್ಕೆ ಮಗಳ ಹತ್ತಿರ ಕ್ಷಮೆ ಕೇಳಿ ಅಂದೆ. ಕೇಳಿದರಂತೆ.

ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11.2ಕ್ಕೆ ಬಂದಿದೆ, ಮಾತ್ರೆ ಇನ್ನೂ ಮುಂದುವರಿಸಬೇಕು. ನೋವು ಒಂದು ದಿನಕ್ಕೆ ಇಳಿದಿದೆ. ಮಧ್ಯೆ ಒಂದು ಬೆಳೆಗೆ ತಾರೀಖು ಹೊಂದಲಿಲ್ಲ, ಆಳೂ ಸಿಗಲಿಲ್ಲ, ಹಳೇ ಜಗಳ ಪೂರ್ತಿ ಮರುಕಳಿಸಿತು. ಸ್ಕ್ಯಾನ್ ಇನ್ನೊಮ್ಮೆ ಆಗಬೇಕಿದೆ. ನಿಮ್ಮ ಮನೆಯಲ್ಲಿ ಹದಿಹರೆಯದ ಹುಡುಗಿಯರಿದ್ದರೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ನಲ್ಲಿ ಇದನ್ನೆಲ್ಲ ಕೇಳಬಹುದು. ಮುಟ್ಟಿನ ಮುಂಚೆ ಬದುಕೇ ಬೇಡ ಅನ್ನಿಸುವಷ್ಟು ಆಗುತ್ತಿದ್ದರೆ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.