ಗುಂಡು ಎಷ್ಟು ಆಳ ಕೂರಬೇಕು?

ಪ್ರಶ್ನೆ: ನನ್ನದು .308 ಬೋಲ್ಟ್ ರೈಫಲ್. ಈ ಸಲ ಜಿಂಕೆ ಬೇಟೆಗೆ ಮನೆಯಲ್ಲೇ ತೋಟಾ ತುಂಬುತ್ತಿದ್ದೇನೆ. ಗುಂಡಿನ ಮೂತಿ ನಳಿಗೆಯೊಳಗಿನ ಸುರುಳಿ ಗೆರೆಗಳಿಗೆ, ಅಂದರೆ ರೈಫ್ಲಿಂಗ್‌ಗೆ ತಾಗುವ ಹಾಗೆ ಕೂರಿಸಿದರೆ ಗುರಿ ಚೆನ್ನಾಗಿರುತ್ತದೆ ಅಂತಾರೆ. ಹಾಗೆ ಮಾಡಿದರೆ ತೋಟಾ ರೈಫಲಿನ ತೋಟಾ ಡಬ್ಬಿಯಲ್ಲಿ, ಅಂದರೆ ಮ್ಯಾಗಜಿನ್‌ನಲ್ಲಿ ಹಿಡಿಸುತ್ತಿಲ್ಲ. ಏನು ಮಾಡಲಿ?
— ಒಬ್ಬ ಓದುಗರು, ವಿಸ್ಕಾನ್ಸಿನ್, ಅಮೆರಿಕ

ಉತ್ತರ: ಮ್ಯಾಗಜಿನ್ ಹೇಳಿದ ಹಾಗೆ ಕೇಳಿ. ನಾನು ಕೇಳದೆ ಕೆಟ್ಟವನು.

ನಿಮ್ಮ ರಾಜ್ಯದಲ್ಲೇ, ನವೆಂಬರಿನ ಆ ಒಂಬತ್ತು ದಿನಗಳಲ್ಲಿ ಒಂದು ಸಂಜೆ. ಗುಂಡನ್ನು ರೈಫ್ಲಿಂಗ್‌ಗೆ ತಾಗಿಸಿಯೇ ಕೂರಿಸಿದ್ದೆ. ಜಿಂಕೆ ಬರಲಿಲ್ಲ. ಅಟ್ಟಣೆ ಇಳಿಯುವ ಮೊದಲು ತೋಟಾ ತೆಗೆಯೋಣ ಅಂತ ಬೋಲ್ಟ್ ಎಳೆದರೆ ಬರೀ ಹಿತ್ತಾಳೆ ಕೇಸ್ ಈಚೆ ಬಂತು! ಗುಂಡು ನಳಿಗೆಯಲ್ಲೇ ಕಚ್ಚಿಕೊಂಡಿತ್ತು. ಮುರಿದ ಪೆನ್ಸಿಲ್ ಕಡ್ಡಿಯ ಚೂರಿನಂಥ ಮದ್ದು ಟ್ರಿಗರ್ ಸಂದಿಗೆಲ್ಲ ಸುರಿಯಿತು. ಅದನ್ನು ಬಿಡಿಸುವಷ್ಟರಲ್ಲಿ ಮಾರನೆಯ ಬೆಳಗೂ ಹೋಯಿತು.

.308 ತೋಟಾಕ್ಕೆ ಒಟ್ಟು ಉದ್ದದ ಮಿತಿ ಸುಮಾರು 2.8 ಇಂಚು. ಆದರೆ ಸೀಸದ ಮೂತಿಯ ಗುಂಡುಗಳಲ್ಲಿ ತುದಿ ಒಂದೊಂದರದು ಒಂದೊಂದು ಥರ. ಅದಕ್ಕೇ ಮ್ಯಾಗಜಿನ್ ಲೆಕ್ಕಕ್ಕೆ ತುದಿ ನೋಡಿ, ರೈಫ್ಲಿಂಗ್ ಲೆಕ್ಕಕ್ಕೆ ಗುಂಡಿನ ಭುಜದಿಂದ (ಮೂತಿ ದಪ್ಪವಾಗುವ ಜಾಗದಿಂದ) ಕಂಪ್ಯಾರೇಟರ್ ಅನ್ನೋ ಅಳತೆಯ ಸಾಧನ ಹಾಕಿ ಅಳೆಯಿರಿ. ರೈಫ್ಲಿಂಗ್ ಎಲ್ಲಿ ಶುರುವಾಗುತ್ತದೋ ಅಲ್ಲಿಂದ 0.020 ಇಂಚು ಹಿಂದೆ ಶುರು ಮಾಡಿ. ಬರೀ ತಾಮ್ರದ ಗುಂಡಾದರೆ 0.050 ಇಂಚು ಹಿಂದಿದ್ದರೂ ಪರವಾಗಿಲ್ಲ. ಮ್ಯಾಗಜಿನ್ ಇನ್ನೂ ಹಿಂದಕ್ಕೆ ದೂಡಿದರೆ ಸುಮ್ನೆ ಒಪ್ಪಿಕೊಳ್ಳಿ. ಗುಂಡು ಬೇರೆಯಾದರೆ ಅಳತೆಯೂ ಬೇರೆ.

ಒಂದು ಎಚ್ಚರ. ಗುಂಡು ಆಳಕ್ಕೆ ಹೋದರೆ ಕೇಸಿನೊಳಗೆ ಜಾಗ ಕಮ್ಮಿಯಾಗಿ ಒತ್ತಡ ಏರಬಹುದು. ರೈಫ್ಲಿಂಗ್‌ಗೆ ತಾಗಿದರೂ ಏರುತ್ತದೆ. ಹಾಗಾಗಿ ಆಳ ಬದಲಾಯಿಸಿದಾಗೆಲ್ಲ ತೋಟಾ ತುಂಬುವ ಮ್ಯಾನ್ಯುಯಲ್‌ನ ಆರಂಭದ ಮದ್ದಿನ ಅಳತೆಗೇ ವಾಪಸ್ ಬನ್ನಿ.

100 ಗಜದಲ್ಲಿ ಮೂರು ಗುಂಡು ಒಂದೂವರೆ ಇಂಚಿನೊಳಗೆ ಬಿದ್ದರೆ ಜಿಂಕೆಗೆ ಜಾಸ್ತಿಯೇ ಆಯಿತು, ಅಲ್ವಾ?

(ಊರಲ್ಲಿ ಓದುತ್ತಿರುವವರು ದಯವಿಟ್ಟು ಕೈ ಹಾಕಬೇಡಿ. ನಮ್ಮಲ್ಲಿ ಕಾಡುಪ್ರಾಣಿ ಬೇಟೆಯೂ ಅಪರಾಧ, ಲೈಸೆನ್ಸ್ ಇಲ್ಲದೆ ತೋಟಾ ತುಂಬುವುದೂ ಅಪರಾಧ.)

ಕೊನೆಗೆ ಮದ್ದು, ಅದಕ್ಕೆ ಕಿಡಿ ಕೊಡುವ ಪ್ರೈಮರ್ ಎರಡೂ ಇಲ್ಲದ ಒಂದು ತೋಟಾ ಮಾಡಿ. ಗುಂಡಿಗೆ ಕಪ್ಪು ಮಾರ್ಕರ್ ಬಳಿಯಿರಿ. ಮ್ಯಾಗಜಿನ್‌ನಿಂದ ಬೋಲ್ಟ್‌ನಲ್ಲಿ ಒಳಗೆ ತಳ್ಳಿ, ಹೊರಗೆ ತೆಗೆದು ನೋಡಿ. ಸುತ್ತಲೂ ಸಮವಾಗಿ ಸಣ್ಣ ಚೌಕದ ಗೀರು ಬಿದ್ದಿದ್ದರೆ ಇನ್ನೂ ತಾಗುತ್ತಿದೆ, ಸ್ವಲ್ಪ ಒಳಗೆ ಕೂರಿಸಿ.